ನಸೀಮಕ್ಕ ಉಪವಾಸವಿದ್ದ ತಿಂಗಳು

ಪಕ್ಕದ ಮನೆಯಲ್ಲಿ ನಿನ್ನೆಯಿಂದ ಹುಣಸೆಹಣ್ಣು ಕುಟ್ಟುತ್ತಿದ್ದಾರೆ. ಸಿಪ್ಪೆ ಬಿಡಿಸುವವರು ಒಂದು ಕಡೆ, ಬೀಜ ತೆಗೆಯುವವರು ಒಂದು ಕಡೆ, ನಡುವೆ ಕೂತು ಊರಿನವರ ಸಂಸಾರವನ್ನೆಲ್ಲ ಬಿಡಿಸಿ ಹಾಕುವವರು ಇನ್ನೊಂದು ಕಡೆ. ಕಿಟಕಿಯಿಂದ ಆ ಹುಳಿ ವಾಸನೆ ಒಳಗೆ ಬಂದ ಕೂಡಲೇ ನನ್ನ ಹೆಂಡತಿ ರತ್ನ ಕಿಟಕಿ ಮುಚ್ಚಲು ಎದ್ದಳು. ನಾನು ಬೇಡವೆಂದೆ. ಹುಣಸೆ ವಾಸನೆ ಬಂದರೆ ನನಗೆ ಮರದಿಂದ ಬಿದ್ದದ್ದು ನೆನಪಾಗಿ ಸಂಕಟವಾಗುತ್ತದೆ ಎಂದು ಅವಳು ತಿಳಿದಿದ್ದಾಳೆ. ಊರಿನವರೂ ಹಾಗೆಯೇ ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ಬಿದ್ದ ದಿನ ನನಗೆ ಸರಿಯಾಗಿ ನೆನಪೇ ಇಲ್ಲ. ಕೊಂಬೆ ಲಟಕ್ಕೆಂದದ್ದು ಗೊತ್ತು, ಆಮೇಲೆ ಆಸ್ಪತ್ರೆಯ ಸೂರು ಗೊತ್ತು, ಅಷ್ಟೇ. ಈ ವಾಸನೆಗೆ ನನಗೆ ನೆನಪಾಗುವುದು ಅದಾಗಿ ಎರಡು ವರ್ಷಕ್ಕೆ ಬಂದ ಇನ್ನೊಂದು ಹುಣಸೆ ಕಾಲ. ರಂಜಾನ್ ತಿಂಗಳೂ ಯುಗಾದಿಯೂ ಒಂದರ ಬೆನ್ನಿಗೊಂದು ಬಂದಿದ್ದ ಕಾಲ. ಅದನ್ನು ನೆನೆದರೆ ಇವತ್ತಿಗೂ ಎದೆ ಹಗುರವಾಗುತ್ತದೆ.

ನನ್ನ ಹೆಸರು ವೆಂಕಟೇಶ. ಊರು ಬೈರಕೂರಿನ ಹತ್ತಿರ. ಮುಳಬಾಗಿಲಿಗೂ ಬೈರಕೂರಿಗೂ ಓಡಾಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಕನ್ನಡದಲ್ಲಿ ಟಿಕೆಟ್ ಹರಿದು, ತೆಲುಗಿನಲ್ಲಿ ಚಿಲ್ಲರೆ ಕೇಳಿ, ಉರ್ದುವಿನಲ್ಲಿ ಸೀಟಿನ ಜಗಳ ಬಿಡಿಸುತ್ತಿದ್ದವನು. ಒಂದು ರಜೆಯ ದಿನ ನಮ್ಮದೇ ಹುಣಸೆಮರ ಹತ್ತಿ ಬಿದ್ದೆ, ಕತ್ತಿನ ಮೂಳೆ ಮುರಿಯಿತು. ಭುಜ ಎತ್ತಬಲ್ಲೆ, ಮೊಣಕೈ ಅಷ್ಟಿಷ್ಟು ಮಡಚಬಲ್ಲೆ. ಬೆರಳುಗಳೂ ಎದೆಯಿಂದ ಕೆಳಗಿನದೂ ನನ್ನ ಮಾತು ಕೇಳುವುದಿಲ್ಲ. ಬಾಯಿ ಮಾತ್ರ ಮೊದಲಿನಂತೆಯೇ ಉಳಿಯಿತು. ಅದೂ ಸ್ವಲ್ಪ ಕಡಿಮೆಯಾಗಿದ್ದರೆ ಚೆನ್ನಾಗಿತ್ತು ಎಂದು ರತ್ನ ಎಷ್ಟೋ ಸಲ ಅಂದುಕೊಂಡಿರಬೇಕು. ಇದನ್ನೂ ಫೋನಿಗೆ ಬಾಯಲ್ಲಿ ಹೇಳಿಯೇ ಬರೆಸುತ್ತಿದ್ದೇನೆ. ಕೋಲಾರದ ಹಾಸ್ಟೆಲಿನಲ್ಲಿ ಓದುವ ಮಗಳು ತಪ್ಪು ತಿದ್ದುತ್ತಾಳೆ.

ನನ್ನಂಥವನಿಗೆ ಎಲ್ಲಕ್ಕೂ ಇನ್ನೊಬ್ಬರ ಕೈ ಬೇಕು. ಮುಖ ತೊಳೆಯಲು, ತುತ್ತು ಬಾಯಿಗಿಡಲು, ಮಗ್ಗುಲು ಬದಲಿಸಲು, ಮೂತ್ರದ ಚೀಲ ಖಾಲಿ ಮಾಡಲು, ಮೂಗಿನ ಮೇಲೆ ಕೂತ ನೊಣ ಓಡಿಸಲು. ಆ ಎರಡು ವರ್ಷ ಅದೆಲ್ಲ ರತ್ನನದೇ ಆಗಿತ್ತು. ಅವಳು ಊರಿನ ಅಂಗನವಾಡಿಯಲ್ಲಿ ಸಹಾಯಕಿ. ನಾನು ಬಿದ್ದ ಮೇಲೆ ರಜೆ ಹಾಕಿದವಳು ಮತ್ತೆ ಹೋಗಿರಲಿಲ್ಲ. ಮಕ್ಕಳ ಜೊತೆ ಕೂಗಿ ಕೂಗಿ ಸಂಜೆ ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದ ಹೆಂಗಸು, ಈಗ ದಿನವಿಡೀ ನನ್ನ ಮಂಚದ ಸುತ್ತ ಸದ್ದಿಲ್ಲದೆ ತಿರುಗುತ್ತಿದ್ದಳು. ಅಂಗಡಿಗೆ ಹೋದರೂ ಓಡಿಕೊಂಡೇ ಬರುತ್ತಿದ್ದಳು. ಅದಕ್ಕೆ ಕಾರಣವೂ ಇತ್ತು. ಒಮ್ಮೆ ಅವಳು ಬಟ್ಟೆ ಒಗೆಯಲು ಹಿತ್ತಲಿಗೆ ಹೋಗಿದ್ದಾಗ ನನಗೆ ಇದ್ದಕ್ಕಿದ್ದ ಹಾಗೆ ತಲೆ ಸಿಡಿಯತೊಡಗಿ, ಮುಖವೆಲ್ಲ ಕೆಂಪಾಗಿ, ಬೆವರು ಸುರಿದು, ಆಂಬುಲೆನ್ಸಿನಲ್ಲಿ ಕೋಲಾರಕ್ಕೆ ಓಡಬೇಕಾಯಿತು. ಕತ್ತಿಗೆ ಪೆಟ್ಟು ಬಿದ್ದವರಿಗೆ ಮೂತ್ರ ಕಟ್ಟಿಕೊಂಡರೆ ರಕ್ತದ ಒತ್ತಡ ಹಾಗೆ ಏರುತ್ತದಂತೆ, ತಡವಾದರೆ ಜೀವಕ್ಕೇ ಅಪಾಯವಂತೆ. ಅಂದಿನಿಂದ ರತ್ನ ಹಿತ್ತಲಿಗೆ ಹೋದರೂ ಬಾಗಿಲು ತೆರೆದಿಟ್ಟೇ ಹೋಗುತ್ತಿದ್ದಳು.

ಕೋಲಾರದ ಒಂದು ಸಂಸ್ಥೆಯವರು ನಮ್ಮಂಥವರ ಮನೆಗಳಿಗೆ ಆರೈಕೆಯ ಹೆಂಗಸರನ್ನು ಕಳಿಸುತ್ತಾರೆ. ನಮ್ಮ ಮನೆಗೆ ಬರುತ್ತಿದ್ದವರು ನಸೀಮಕ್ಕ. ಮುಳಬಾಗಿಲಿನ ಪೇಟೆಯಲ್ಲಿ ಹತ್ತಿಯ ಹಾಸಿಗೆ ಹೊಲಿಯುವವರ ಮನೆಯವರು. ಮೊದಲ ದಿನ ನನ್ನ ಹಾಸಿಗೆಯ ಮೂಲೆ ಹಿಡಿದು ನೋಡಿ, ‘ಯಾರು ಹೊಲಿದಿದ್ದು ಅಣ್ಣಾ ಇದನ್ನ, ಕೈಯಲ್ಲೋ ಕಾಲಲ್ಲೋ?’ ಎಂದು ಕೇಳಿದ್ದರು. ನನಗೆ ಆಕೆ ಅಲ್ಲೇ ಹಿಡಿಸಿದರು. ಆದರೆ ಆಗ ಆಕೆ ಇರುತ್ತಿದ್ದುದು ಅರ್ಧ ಗಂಟೆ. ಬೆಳಗಿನ ಬಸ್ಸಿನಲ್ಲಿ ಬಂದು, ನನ್ನನ್ನು ತೊಳೆದು, ಮಗ್ಗುಲು ತಿರುಗಿಸಿ, ಬೆನ್ನಿನಲ್ಲಿ ಹುಣ್ಣಾಗಿದೆಯೇ ನೋಡಿ, ಅದೇ ಬಸ್ಸು ವಾಪಸು ಬರುವಷ್ಟರಲ್ಲಿ ರಸ್ತೆಗೆ ಓಡುತ್ತಿದ್ದರು. ಮಾತಾಡಲು ಬಾಯಿ ತೆರೆದರೆ ಆಗಲೇ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿರುತ್ತಿದ್ದರು. ಸ್ಟಾಪಿನಲ್ಲಿ ನಿಲ್ಲಿಸದೆ ನಿಧಾನ ಮಾಡಿ ಇಳಿಸಿ ಹೋಗುವ ಬಸ್ಸಿನ ಹಾಗೆ. ಅಂಥ ಬಸ್ಸಿಗೆ ನಾನೇ ರೈಟ್ ಹೇಳಿದವನಾದ್ದರಿಂದ ದೂರುವ ಬಾಯಿ ನನಗಿರಲಿಲ್ಲ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಸಂಸ್ಥೆಯ ಸುಜಾತಾ ಮೇಡಂ ಮನೆಗೆ ಬಂದರು. ನನ್ನಂತೆ ಹೆಚ್ಚು ಆಸರೆ ಬೇಕಾದ ಕೆಲವರಿಗೆ ಇನ್ನು ಮುಂದೆ ಹಗಲೆಲ್ಲ ಜೊತೆಗಿರುವ ಏರ್ಪಾಡು ಮಾಡುತ್ತೇವೆ ಎಂದರು. ನಸೀಮಕ್ಕ ಬೆಳಿಗ್ಗೆ ಬಂದರೆ ಸಂಜೆ ನಾಲ್ಕಕ್ಕೆ ಹೋಗುವುದು, ಭಾನುವಾರ ಬಿಟ್ಟು ದಿನವೂ. ರತ್ನ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಕೇಳುತ್ತ ನಿಂತಿದ್ದಳು.

‘ಇದು ವೆಂಕಟೇಶಪ್ಪೋರಿಗೆ ಎಷ್ಟೋ, ನಿಮಗೂ ಅಷ್ಟೇ ಕಣಮ್ಮ,’ ಎಂದರು ಮೇಡಂ. ‘ನೀವು ಕೆಲಸಕ್ಕೆ ಹೋಗೋ ಹಾಗಾಗ್ಲಿ ಅಂತಾನೇ ಇದು. ಯುಗಾದಿ ಆದ್ಮೇಲೆ ಬಂದು ನೋಡ್ತೀನಿ. ಉಪಯೋಗ ಆಗ್ತಿದ್ರೆ ಮುಂದುವರ್ಸ್ತೀವಿ. ಇಲ್ಲಾಂದ್ರೆ ಕಾಯ್ತಾ ಇರೋ ಮನೆಗಳು ಬೇರೆ ಇದಾವೆ, ಅಲ್ಲಿಗೆ ಕಳಿಸಬೇಕಾಗ್ತದೆ.’

ಅಂಗನವಾಡಿಯ ಕಡೆಯಿಂದಲೂ ಹೆಚ್ಚುಕಡಿಮೆ ಅದೇ ಗಡುವು ಬಂದಿತ್ತು. ಯುಗಾದಿಯೊಳಗೆ ರತ್ನ ಬಂದು ಸೇರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಅಲ್ಲಿನ ಟೀಚರೇ ಮನೆಗೆ ಬಂದು ಬೇಸರದಿಂದ ಹೇಳಿ ಹೋಗಿದ್ದರು. ಹೀಗಾಗಿ ಎರಡೂ ಒಂದೇ ಗಂಟಿಗೆ ಸೇರಿಕೊಂಡವು. ರತ್ನ ಮನೆಯಿಂದ ಹೊರಗೆ ಕಾಲಿಟ್ಟರೆ ಅವಳ ಕೆಲಸವೂ ಉಳಿಯುತ್ತದೆ, ನಸೀಮಕ್ಕನೂ ಉಳಿಯುತ್ತಾರೆ. ಇಡದಿದ್ದರೆ ಎರಡೂ ಹೋಗುತ್ತವೆ. ಇಷ್ಟು ಸರಳವಾದ ವಿಷಯವನ್ನು ಕೆಡಿಸಲು ಯಾರಿಗೆ ಸಾಧ್ಯ ಎಂದು ನಾನು ನಿಶ್ಚಿಂತೆಯಿಂದಿದ್ದೆ. ನಮ್ಮ ಮನೆಯವರಿಗೆ ಸಾಧ್ಯವಾಯಿತು.

ಆದದ್ದಿಷ್ಟು. ಅರ್ಧ ಗಂಟೆ ಬಂದು ಹೋಗುವವರು ಕೆಲಸದವರು. ಒಂದು ಲೋಟ ಕಾಫಿ ಕೊಟ್ಟರೆ ಮುಗಿಯಿತು. ಹಗಲೆಲ್ಲ ಇರುವವರು, ಮಧ್ಯಾಹ್ನ ಊಟದ ಹೊತ್ತಿಗೆ ಮನೆಯಲ್ಲಿ ಇರುವವರು, ನಮ್ಮ ಕಡೆ ನೆಂಟರು. ನೆಂಟರನ್ನು ಮನೆಯಲ್ಲಿ ಕೂರಿಸಿ ಮನೆಯಾಕೆ ಹೊರಗೆ ಹೋಗುವುದುಂಟೆ? ರತ್ನ ಮೊದಲ ದಿನವೇ ನಸುಕಿಗೆ ಎದ್ದು ಮನೆಯೆಲ್ಲ ಸಾರಿಸಿದಳು. ನನ್ನನ್ನೂ ಎಬ್ಬಿಸಿ ಮೈ ಒರೆಸಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ತಲೆ ಬಾಚಿದಳು.

‘ಅವ್ರು ಬರೋದೇ ಇದನ್ನ ಮಾಡೋಕೆ ಅಲ್ವೇನೇ?’ ಎಂದೆ.

‘ಅವ್ರು ಬಂದಾಗ ನೀವು ಹಂಗೇ ಬಿದ್ದಿದ್ರೆ ಏನಂದ್ಕೋತಾರೆ? ಸುಮ್ನಿರಿ.’

ನಸೀಮಕ್ಕ ಬಂದಾಗ ನಾನು ಮದುವೆಗೆ ಹೊರಟವನ ಹಾಗೆ ಮಲಗಿದ್ದೆ. ಆಕೆಗೆ ಮಾಡಲು ಕೆಲಸವೇ ಇರಲಿಲ್ಲ. ರತ್ನ ಚಾಪೆ ಹಾಸಿ ಕೂರಿಸಿದಳು, ಕಾಫಿ ಕೊಟ್ಟಳು, ಹತ್ತು ಗಂಟೆಗೆ ಅವರೆಕಾಳು ಉಪ್ಪಿಟ್ಟು ಕೊಟ್ಟಳು. ಮಧ್ಯಾಹ್ನಕ್ಕೆ ಅವರಿಗೆ ಮುದ್ದೆ ಹಿಡಿಸುತ್ತದೋ ಇಲ್ಲವೋ ಎಂದು ಚಪಾತಿಯನ್ನೂ ಮಾಡಿದಳು, ಚಪಾತಿ ಸಾಕಾಗುತ್ತದೋ ಇಲ್ಲವೋ ಎಂದು ಅನ್ನವನ್ನೂ ಮಾಡಿದಳು. ವಾರಕ್ಕೊಮ್ಮೆ ಬೈರಕೂರಿನ ಹಲಾಲ್ ಅಂಗಡಿಯಿಂದಲೇ ಕೋಳಿ ತರಿಸುತ್ತಿದ್ದಳು. ಎರಡು ವರ್ಷದಿಂದ ನಮ್ಮ ಮನೆಗೆ ನೆಂಟರು ಬರುವುದು ನಿಂತುಹೋಗಿತ್ತಲ್ಲ, ಆ ಬಾಕಿಯನ್ನೆಲ್ಲ ಪಾಪ ನಸೀಮಕ್ಕನ ತಟ್ಟೆಗೆ ಸುರಿದಳು.

ನಸೀಮಕ್ಕನಾದರೂ ಬೇಡವೆನ್ನಬಹುದಿತ್ತು. ಅನ್ನಲಿಲ್ಲ. ಅವರ ಮನೆಯಲ್ಲೂ ಬಡಿಸಿದ್ದನ್ನು ತಟ್ಟೆಯಲ್ಲಿ ಬಿಡುವುದು ಬಡಿಸಿದವರಿಗೆ ಅವಮಾನ. ‘ನಕ್ಕೊ ರತ್ನಕ್ಕಾ, ಬೇಡ, ಸಾಕು’ ಎನ್ನುತ್ತಲೇ ತಿನ್ನುತ್ತಿದ್ದರು. ‘ಏನ್ ತಿಂದ್ರಿ ನಸೀಮಕ್ಕಾ ನೀವು’ ಎನ್ನುತ್ತಲೇ ಇವಳು ಬಡಿಸುತ್ತಿದ್ದಳು. ಇಬ್ಬರಲ್ಲಿ ಯಾರು ದೊಡ್ಡವರೆಂದು ಇವತ್ತಿಗೂ ತೀರ್ಮಾನವಾಗಿಲ್ಲ, ಒಬ್ಬರನ್ನೊಬ್ಬರು ಅಕ್ಕ ಎಂದೇ ಕರೆಯುತ್ತಾರೆ. ಊಟವಾದ ಮೇಲೆ ಇಬ್ಬರೂ ಎದುರುಬದುರು ಕೂತು ಮಾತಾಡುತ್ತ ತೂಕಡಿಸುತ್ತಿದ್ದರು. ನಾನು ಗಂಟಲು ಒಣಗಿ ಕೆಮ್ಮಿದರೆ ಇಬ್ಬರೂ ಒಟ್ಟಿಗೆ ಎದ್ದು, ನಾನು ಕೊಡ್ತೀನಿ, ಇಲ್ಲ ನಾನು ಕೊಡ್ತೀನಿ ಎಂದು ಲೋಟ ಎಳೆದಾಡುತ್ತಿದ್ದರು. ನೀರು ನನ್ನ ಬಾಯಿಗಿಂತ ಹೆಚ್ಚಾಗಿ ಅಂಗಿಗೆ ಸಿಗುತ್ತಿತ್ತು.

ಜನವರಿ ಹೋಯಿತು, ಫೆಬ್ರವರಿ ಹೋಯಿತು. ಮಾವಿನ ಹೂವು ಉದುರಿ ಹೀಚು ಕಟ್ಟಿತು. ರತ್ನ ಅಂಗನವಾಡಿಯ ದಿಕ್ಕಿಗೆ ಒಂದು ಹೆಜ್ಜೆಯೂ ಇಡಲಿಲ್ಲ. ಮೊದಲು ಬೆಳಿಗ್ಗೆ ಐದಕ್ಕೆ ಏಳುತ್ತಿದ್ದವಳು ಈಗ ನಾಲ್ಕಕ್ಕೆ ಏಳುತ್ತಿದ್ದಳು. ಸೊಂಟ ಹಿಡಿದುಕೊಂಡು ನಡೆಯುತ್ತಿದ್ದಳು. ಅವಳ ಹೊರೆ ಇಳಿಸಲು ಬಂದ ಏರ್ಪಾಡು ಅವಳ ತಲೆಯ ಮೇಲೆ ಇನ್ನೊಂದು ಹೊರೆಯಾಗಿ ಕೂತಿತ್ತು. ನನಗೆ ತಲೆ ಚಿಟ್ಟು ಹಿಡಿಯಿತು. ಒಂದು ಸಂಜೆ ಕೇಳಿಯೇಬಿಟ್ಟೆ.

‘ರತ್ನಾ, ಮೇಡಂ ಬಂದು ನೀನೇನ್ ಮಾಡ್ತಿದೀಯಮ್ಮಾ ಅಂದ್ರೆ ಏನ್ ಹೇಳ್ತೀಯ? ಚಪಾತಿ ಲಟ್ಟಿಸ್ತಿದೀನಿ ಅಂತಾನಾ?’

‘ಬಂದೋರ್ನ ಮನೇಲಿ ಬಿಟ್ಟು ನಾನು ಬೀದಿಗೆ ಹೋಗ್ಲಾ? ನಮ್ಮಮ್ಮ ನನಗೆ ಹಂಗೆ ಕಲಿಸಿಲ್ಲ.’

‘ಆಮೇಲೆ ಕೆಲಸ?’

‘ನಾನು ಹೋದಾಗ ನಿಮಗೆ ಅವತ್ತಿನ ಥರ ಆದ್ರೆ?’ ಎಂದಳು. ಆಗ ನನಗೆ ಅರ್ಥವಾಯಿತು. ನೆಂಟರ ಉಪಚಾರ ಎಷ್ಟು ನಿಜವೋ ಅದರ ಕೆಳಗಿನ ಭಯವೂ ಅಷ್ಟೇ ನಿಜ. ಮಾರನೆಯ ದಿನ ನಸೀಮಕ್ಕನನ್ನೂ ಕೇಳಿದೆ, ನೀವಾದರೂ ಅವಳಿಗೆ ಹೋಗು ಎನ್ನಬಾರದೇ ಎಂದು. ಆಕೆ ಕೆನ್ನೆಗೆ ಕೈ ಹಚ್ಚಿಕೊಂಡರು. ‘ಅವ್ರ ಮನೆಯಿಂದ ಅವ್ರನ್ನೇ ಹೋಗು ಅನ್ನೋದಾ ಅಣ್ಣಾ? ತೋಬಾ. ನನ್ನ ಬಾಯಲ್ಲಿ ಬರಲ್ಲ.’ ಹೀಗೆ ಒಬ್ಬರ ಮರ್ಯಾದೆಗೆ ಇನ್ನೊಬ್ಬರ ಮರ್ಯಾದೆ ಅಡ್ಡ ನಿಂತಿತ್ತು. ನಾನೊಬ್ಬ ಮರ್ಯಾದೆಗೆಟ್ಟವನು, ನನ್ನ ಮಾತನ್ನು ಯಾರೂ ಕೇಳುತ್ತಿರಲಿಲ್ಲ.

ಮಾರ್ಚ್ ತಿಂಗಳಲ್ಲಿ, ಊರೆಲ್ಲ ಹುಣಸೆ ಉದುರಿಸುವ ಹೊತ್ತಿಗೆ, ಒಂದು ಸಂಜೆ ನಸೀಮಕ್ಕ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದರು. ‘ರತ್ನಕ್ಕಾ, ನಾಳೆಯಿಂದ ನಂಗೆ ರೋಜಾ. ಏನೂ ಮಾಡ್ಬೇಡಿ. ಕಾಫೀನೂ ಇಲ್ಲ, ನೀರೂ ಇಲ್ಲ.’

‘ಒಂದು ಗುಟುಕು ನೀರೂ ಇಲ್ವಾ?’

‘ಸಂಜೆ ತನಕ ಇಲ್ಲ ಅಕ್ಕಾ.’

ಮಾರನೆಯ ದಿನ ನಮ್ಮ ಅಡುಗೆಮನೆಗೆ ಸಂಪು ಹೂಡಿದಂತಾಯಿತು. ರತ್ನ ಅಭ್ಯಾಸ ಬಲದಿಂದ ಒಲೆಯ ಮುಂದೆ ಹೋಗುವುದು, ನೆನಪಾಗಿ ಹಿಂದಕ್ಕೆ ಬರುವುದು. ಮಧ್ಯಾಹ್ನ ನಸೀಮಕ್ಕನೇ ನನಗೆ ಮುದ್ದೆ ತುತ್ತು ಮಾಡಿ ಸಾರಿನಲ್ಲಿ ಅದ್ದಿ ಉಣಿಸತೊಡಗಿದರು. ನನಗೂ ಸಂಕೋಚವಾಯಿತು. ‘ಹಸಿದೋರ ಕೈಯಲ್ಲಿ ಹೆಂಗೆ ತಿನ್ಲಿ?’ ಎಂದೆ. ‘ರೋಜಾದಲ್ಲಿ ಇನ್ನೊಬ್ರಿಗೆ ಉಣಿಸಿದ್ರೆ ನಂಗೇ ಒಳ್ಳೇದು ಅಣ್ಣಾ. ಬಾಯ್ ತೆಗೀರಿ,’ ಎಂದರು. ನನ್ನ ಮಟ್ಟಿಗೆ ಅದು ಅಲ್ಲಿಗೆ ಮುಗಿಯಿತು. ರತ್ನನಿಗೆ ಮುಗಿಯಲಿಲ್ಲ. ಉಪವಾಸವಿದ್ದವರ ಎದುರಿಗೆ ಕೂತು ಉಣ್ಣುವುದೆಂದರೆ ಅವಳಿಗೆ ಪಾಪ. ಅಡುಗೆಮನೆಯಲ್ಲಿ ಬಾಗಿಲು ಓರೆ ಮಾಡಿಕೊಂಡು ಉಣ್ಣಲು ನೋಡಿದಳು. ನಮ್ಮ ಮನೆ ಎಷ್ಟು, ಅದರ ಅಡುಗೆಮನೆ ಎಷ್ಟು. ಸಾರು ಸೊರ್ರೆಂದರೆ ಪಡಸಾಲೆಗೆ ಕೇಳುತ್ತದೆ. ಅರ್ಧಕ್ಕೇ ಎದ್ದಳು. ಎರಡು ದಿನ ಅವಳೂ ಹೊಟ್ಟೆಗಿಲ್ಲದೆ ಕಳೆದಳು. ನಸೀಮಕ್ಕ ನೋಡಿ ಬೇಸರ ಮಾಡಿಕೊಂಡರು, ಇವಳು ಏನೂ ಇಲ್ಲವೆಂದಳು.

ಮೂರನೆಯ ದಿನ ಸ್ಟೀಲ್ ಡಬ್ಬಿಗೆ ಮುದ್ದೆ ಸಾರು ಹಾಕಿಕೊಂಡು ಬಾಗಿಲಲ್ಲಿ ನಿಂತಳು.

‘ನಸೀಮಕ್ಕಾ, ಅಂಗನವಾಡಿ ತಾವ ಹೋಗಿ ಟೀಚರ್ ಜೊತೆ ಉಂಡು ಬರ್ತೀನಿ. ನಿಮ್ಮೆದುರಿಗೆ ನನಗೆ ಗಂಟಲಲ್ಲಿ ಇಳೀತಿಲ್ಲ. ಇವರ್ನ ನೋಡ್ಕೊಳ್ತೀರಾ?’

ನೋಡಿಕೊಳ್ಳಲೆಂದೇ ಎರಡು ತಿಂಗಳಿಂದ ಬಂದು ಕೂತಿದ್ದ ನಸೀಮಕ್ಕ ಗಂಭೀರವಾಗಿ, ‘ನೋಡ್ಕೊಳ್ತೀನಿ ಅಕ್ಕಾ. ನಿಧಾನಕ್ಕೆ ಉಣ್ಣಿ,’ ಎಂದರು. ನಾನು ಉಸಿರು ಬಿಗಿ ಹಿಡಿದು ಗೋಡೆ ನೋಡುತ್ತಿದ್ದೆ. ಎಲ್ಲಿ ನಕ್ಕುಬಿಟ್ಟರೆ ಅವಳು ಹೊರಡುವುದಿಲ್ಲವೋ ಎಂಬ ಭಯ. ಗೇಟಿನ ಸದ್ದಾಯಿತು. ನಸೀಮಕ್ಕ ಕಿಟಕಿಯಿಂದ ನೋಡಿ, ‘ಹೌ, ಹೋದ್ರು,’ ಎಂದರು. ಆಮೇಲೆ ಇಬ್ಬರೂ ನಕ್ಕೆವು.

ಅಂದು ಅವಳು ಉಂಡು ವಾಪಸು ಬಂದದ್ದು ಬೇಗನೇ. ಬಂದವಳು ನನ್ನ ಮುಖ, ಚೀಲ, ಹಾಸಿಗೆ ಎಲ್ಲ ನೋಡಿ ಸುಮ್ಮನಾದಳು. ಮರುದಿನ ಇನ್ನೂ ಸ್ವಲ್ಪ ತಡವಾಯಿತು. ಯಾವುದೋ ಮಗು ಅಳುತ್ತಿತ್ತಂತೆ. ಇನ್ನೊಂದು ದಿನ ಮೊಟ್ಟೆ ಬೇಯಿಸಲು ಟೀಚರ್ ಒಬ್ಬರೇ ಇದ್ದರಂತೆ. ಹೀಗೆ ಊಟದ ನೆಪ ದಿನದಿನಕ್ಕೆ ಉದ್ದವಾಗುತ್ತ ಹೋಯಿತು. ಮುಂದಿನ ವಾರ ಬೆಳಿಗ್ಗೆಯೇ ಹೊರಡತೊಡಗಿದಳು. ನನ್ನನ್ನು ವೀಲ್‌ಚೇರಿಗೆ ಕೂರಿಸುವುದೊಂದಕ್ಕೆ ಇಬ್ಬರು ಬೇಕು. ನಸೀಮಕ್ಕ ಬಂದ ಕೂಡಲೇ ಇಬ್ಬರೂ ಸೇರಿ ಕೂರಿಸಿಬಿಟ್ಟರೆ ಇವಳು ಹೊರಟಳು. ಮೈ ಒರೆಸುವುದು, ಇಸ್ತ್ರಿ ಅಂಗಿ ಎಲ್ಲ ತಾನಾಗಿಯೇ ನಿಂತುಹೋಯಿತು, ಅದಕ್ಕೆ ಹೊತ್ತೆಲ್ಲಿತ್ತು?

ನನ್ನ ಹಗಲು ಹೇಗಿತ್ತೆಂದು ಹೇಳಬೇಕು. ಮೊದಲಿನ ಆ ಅರ್ಧ ಗಂಟೆಯಲ್ಲಿ ನನ್ನ ದೇಹಕ್ಕೆ ಬೇಕಾದದ್ದು ಆಗುತ್ತಿತ್ತು, ನನಗೆ ಬೇಕಾದದ್ದು ಏನೆಂದು ಕೇಳಲು ಯಾರಿಗೂ ಬಿಡುವಿರಲಿಲ್ಲ. ಈಗ ಹೊತ್ತು ಇತ್ತು, ನಸೀಮಕ್ಕ ಕೇಳುತ್ತಿದ್ದರು. ‘ಇವತ್ತೇನು ಅಣ್ಣಾ?’ ಮೊದಲ ಸಲ ಕೇಳಿದಾಗ ನನಗೇನು ಬೇಕೆಂದು ನಾನೇ ಹುಡುಕಬೇಕಾಯಿತು. ಗಡ್ಡ ನುಣ್ಣಗೆ ಹೆರೆಸಿಕೊಂಡೆ. ಕಾಲಿನ ಉಗುರು ತೆಗೆಸಿಕೊಂಡೆ. ಬೆರಳುಗಳನ್ನು ಒಂದೊಂದಾಗಿ ನೀವಿ ಬಿಡಿಸುತ್ತ ಆಕೆ ಹಾಸಿಗೆ ವ್ಯಾಪಾರದ ಸುದ್ದಿ ಹೇಳುತ್ತಿದ್ದರು, ಸ್ಪಂಜಿನ ಹಾಸಿಗೆ ಬಂದು ಹತ್ತಿಯವರನ್ನು ಹೇಗೆ ಕೆಡಿಸಿತೆಂದು ಬಯ್ಯುತ್ತಿದ್ದರು. ಉಪವಾಸದಲ್ಲಿ ಮಧ್ಯಾಹ್ನದ ಮೇಲೆ ಆಕೆಗೆ ಮಾತು ಕಡಿಮೆಯಾಗುತ್ತಿತ್ತು. ನಮಾಜಿಗೆ ಒಳಕೋಣೆಗೆ ಹೋದಾಗ ನಾನೂ ಕಣ್ಣು ಮುಚ್ಚಿ ಸುಮ್ಮನಿರುತ್ತಿದ್ದೆ. ಒಂದು ದಿನ, ರಸ್ತೆ ನೋಡಬೇಕು ಎಂದೆ. ಕುರ್ಚಿಯನ್ನು ಬೇವಿನಮರದ ಕೆಳಗೆ ತಳ್ಳಿಕೊಂಡು ಹೋಗಿ ನಿಲ್ಲಿಸಿದರು. ನಮ್ಮ ಬಸ್ಸು ಬಂತು. ಡ್ರೈವರ್ ನನ್ನನ್ನು ನೋಡಿ, ಸ್ಟಾಪಲ್ಲದ ಜಾಗದಲ್ಲಿ ಬ್ರೇಕು ಹಾಕಿ ಹಾರನ್ ಬಾರಿಸಿದ. ‘ಏನ್ಲಾ ವೆಂಕಟೇಶ, ಟಿಕೆಟ್ ತಗೊಂಡಿದೀಯಾ?’ ಎಂದ. ‘ಪಾಸ್ ಐತೆ, ಹೋಗಲೇ,’ ಎಂದೆ. ಬಸ್ಸು ಹೋದ ಮೇಲೆ ಅತ್ತೆ. ನಸೀಮಕ್ಕ ತಡೆಯಲಿಲ್ಲ, ಅತ್ತು ಮುಗಿದ ಮೇಲೆ ಮೂಗು ಒರೆಸಿದರು. ರತ್ನನ ಎದುರಿಗೆ ನಾನು ಹಾಗೆ ಅಳಲಾರೆ. ಅವಳ ಕಣ್ಣಿನಲ್ಲೂ ನೀರು ಬಂದು, ನನ್ನದನ್ನು ನಿಲ್ಲಿಸಿ ಅವಳನ್ನು ಸಮಾಧಾನ ಮಾಡಬೇಕಾಗುತ್ತದೆ.

ಯುಗಾದಿಗೆ ಕೆಲವೇ ದಿನ ಇರುವಾಗ ನಾವು ಹೆದರಿದ್ದು ಆಗಿಯೇಬಿಟ್ಟಿತು. ಮಧ್ಯಾಹ್ನದ ಬಿಸಿಲು ಧಗಧಗ ಎನ್ನುತ್ತಿತ್ತು. ಹಿಂದಲೆಯಲ್ಲಿ ಸುತ್ತಿಗೆಯಿಂದ ಬಡಿದಂತಾಯಿತು. ಕಿವಿ ಬಿಸಿಯಾಯಿತು, ಹಣೆಯ ಬೆವರು ಕಣ್ಣಿಗಿಳಿಯಿತು. ‘ನಸೀಮಕ್ಕಾ’ ಎಂದೆ. ಆಕೆ ನನ್ನ ಮುಖ ನೋಡಿದವರೇ ಅಂಗಿಯ ಗುಂಡಿ ಬಿಚ್ಚಿ, ಸೊಂಟದ ಬೆಲ್ಟು ಸಡಿಲಿಸಿ, ಬಗ್ಗಿ ಚೀಲ ನೋಡಿದರು. ಚೀಲ ಖಾಲಿ. ಬೆಳಿಗ್ಗೆಯಿಂದ ಕುಡಿದ ನೀರೆಲ್ಲ ಎಲ್ಲಿ ಹೋಯಿತು? ಟ್ಯೂಬಿನ ಜಾಡು ಹಿಡಿದು ಕೈ ಹಾಕಿದರೆ ಅದು ನನ್ನ ತೊಡೆಯಡಿ ಸಿಕ್ಕಿ ಮಡಚಿಕೊಂಡಿತ್ತು. ತೊಡೆ ಎತ್ತಿ ಬಿಡಿಸಿದರು. ಚೀಲಕ್ಕೆ ಇಳಿಯುವ ಸದ್ದು ಕೇಳಿಸಿತು. ಆಗಲೂ ತಲೆ ಸಿಡಿಯುತ್ತಲೇ ಇತ್ತು. ಆಕೆ ಫೋನು ಕೈಗೆತ್ತಿಕೊಂಡರು.

‘ಯಾರಿಗೆ?’

‘ಮೊದ್ಲು ನಮ್ಮ ಸಂಸ್ಥೆ ನರ್ಸಮ್ಮನಿಗೆ. ಆಮೇಲೆ ರತ್ನಕ್ಕನಿಗೆ.’

‘ರತ್ನನಿಗೆ ಬೇಡ. ಈಗ ಓಡಿ ಬಂದ್ರೆ ಅವಳು ಇನ್ಯಾವತ್ತೂ ಹೋಗಲ್ಲ.’

ಆಕೆ ನನ್ನನ್ನೇ ನೋಡಿದರು. ಉಪವಾಸಕ್ಕೆ ಅವರ ತುಟಿ ಒಣಗಿತ್ತು. ನರ್ಸಮ್ಮನ ಹತ್ತಿರ ಮಾತಾಡಿದರು. ಕೂರಿಸಿಯೇ ಇರಿ, ಒತ್ತಡ ನೋಡುತ್ತಿರಿ, ಇಳಿಯದಿದ್ದರೆ ಕೂಡಲೇ ಆಂಬುಲೆನ್ಸಿಗೆ ಹೇಳಿ ಎಂದರಂತೆ. ಕೈಗೆ ಪಟ್ಟಿ ಸುತ್ತಿ ಮತ್ತೆ ಮತ್ತೆ ನೋಡಿದರು. ‘ಇಳೀತಿದೆ ಅಣ್ಣಾ,’ ಎಂದರು. ಸುತ್ತಿಗೆ ದೂರ ಸರಿಯಿತು. ಬೆವರು ಆರಿತು. ಆಕೆ ನೆಲದ ಮೇಲೆ ಕೂತು ಗೋಡೆಗೆ ತಲೆ ಕೊಟ್ಟರು.

‘ಇಳೀತು ಅಂತ ಈಗ ಕರೀಲಿಲ್ಲ,’ ಎಂದರು. ‘ಆದ್ರೆ ಸಂಜೆ ಹೇಳ್ತೀನಿ. ಮುಚ್ಚಿಡೋದಿಲ್ಲ. ನಾನು ಮುಚ್ಚಿಟ್ರೆ ರತ್ನಕ್ಕ ಯಾರನ್ನ ನಂಬಿ ಹೋಗ್ಬೇಕು?’

ನಾಲ್ಕು ಗಂಟೆಯವರೆಗೆ ಗೇಟಿನ ಕಡೆಗೇ ಕಿವಿಯಿಟ್ಟು ಕೂತಿದ್ದೆ. ಎಲ್ಲ ಮುಗಿಯಿತು ಅಂದುಕೊಂಡೆ. ನಾಳೆಯಿಂದ ಮತ್ತೆ ಇಸ್ತ್ರಿ ಅಂಗಿ, ಮತ್ತೆ ಚಪಾತಿ, ಯುಗಾದಿ ಕಳೆದರೆ ಅದೂ ಇಲ್ಲ.

ರತ್ನ ಬಂದಳು. ನಸೀಮಕ್ಕ ಅವಳನ್ನು ಕೂರಿಸಿ, ಆದದ್ದನ್ನೆಲ್ಲ ಆದ ಹಾಗೆಯೇ ಹೇಳಿದರು. ಟ್ಯೂಬು ಎಲ್ಲಿ ಸಿಕ್ಕಿತ್ತೆಂದು ಕೈಯಿಂದ ತೋರಿಸಿದರು. ರತ್ನ ಎದ್ದು ನನ್ನ ಹಣೆ ಮುಟ್ಟಿದಳು, ಟ್ಯೂಬನ್ನು ಮೇಲಿಂದ ಕೆಳಗಿನವರೆಗೆ ಬೆರಳಲ್ಲಿ ಹಿಡಿದು ನೋಡಿದಳು. ಅವಳ ಮುಖ ಬಿಳಿಚಿಕೊಂಡಿತ್ತು.

‘ಬೆಳಿಗ್ಗೆ ಇವರ್ನ ಕೂರಿಸುವಾಗ ಆ ಕಡೆ ಹಿಡ್ಕೊಂಡಿದ್ದು ನಾನು,’ ಎಂದಳು ಕೊನೆಗೆ. ‘ನಾನೇ ಸರಿಯಾಗಿ ನೋಡಿಲ್ಲ.’

‘ಇಬ್ರೂ ನೋಡಿಲ್ಲ ಅಕ್ಕಾ.’

‘ನಾನು ಮನೇಲಿದ್ದಿದ್ರೂ ಇದು ಸಿಕ್ಕಾಕೋತಿತ್ತು.’

‘ಹೌ ಅಕ್ಕಾ. ಸಿಕ್ಕಾಕೋತಿತ್ತು.’

ರತ್ನ ಟ್ಯೂಬನ್ನು ಇನ್ನೊಮ್ಮೆ ಹಿಡಿದು ನೋಡಿದಳು. ಆಮೇಲೆ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ‘ನಾಳೆಯಿಂದ ಕೂರಿಸಿದ ಮೇಲೆ ಒಂದ್ ಸಲ ಟ್ಯೂಬ್ ನೋಡೇ ಹೊರಡ್ತೀನಿ. ಅದಕ್ಕೆ ನೀವು ಒಂದ್ ಬಸ್ ಮುಂಚೆ ಬರೋಕಾಗ್ತದಾ ನಸೀಮಕ್ಕಾ?’ ಎಂದಳು.

ಬರುತ್ತೇನೆ ಎಂದರು ನಸೀಮಕ್ಕ. ಹೊರಡ್ತೀನಿ ಎಂದಳು ರತ್ನ. ಆ ಒಂದು ಮಾತಿಗೆ ನನ್ನ ಮೈಯಲ್ಲಿ ಜೀವವಿರುವ ಭಾಗವೆಲ್ಲ ಸಡಿಲವಾಯಿತು. ಅಂದು ರಾತ್ರಿ ಮಾತ್ರೆಯಿಲ್ಲದೆ ನಿದ್ದೆ ಮಾಡಿದೆ.

ಯುಗಾದಿಗೆ ಮೊದಲೇ ರತ್ನ ಕೆಲಸಕ್ಕೆ ಸೇರಿಕೊಂಡಳು. ಹಬ್ಬದ ಮರುವಾರ ಸುಜಾತಾ ಮೇಡಂ ಬಂದರು. ಮನೆಯೊಳಗೆ ಇಣುಕಿ, ‘ರತ್ನಮ್ಮ ಎಲ್ಲಿ?’ ಎಂದು ಕೇಳಿದರು.

‘ಡ್ಯೂಟಿಗೆ ಹೋಗಿದಾಳೆ ಮೇಡಂ,’ ಎಂದೆ. ಇಷ್ಟು ಜಂಬದಿಂದ ನಾನು ನನ್ನ ಡ್ಯೂಟಿಯ ಮಾತನ್ನೂ ಆಡಿರಲಿಲ್ಲ. ಮೇಡಂ ನಕ್ಕು, ಹಾಗಾದರೆ ನಾನು ಕೇಳುವುದೇನೂ ಇಲ್ಲ ಎಂದು ಅಲ್ಲೇ ಕೂತು ಮಜ್ಜಿಗೆ ಕುಡಿದರು. ಮಜ್ಜಿಗೆ ಕಡೆದು ತಂದವರು ನಸೀಮಕ್ಕ. ಅಡುಗೆಮನೆಯಲ್ಲಿ ಯಾವ ಡಬ್ಬಿ ಎಲ್ಲಿದೆ ಎಂದು ಅಷ್ಟರಲ್ಲಿ ಆಕೆಗೆ ತಿಳಿದಿತ್ತು.

ಅದಕ್ಕೂ ಮೊದಲು, ಯುಗಾದಿಯ ಬೆನ್ನಿಗೇ ರಂಜಾನ್ ಮುಗಿದಾಗ, ನನಗೊಂದು ಅಳುಕು ಇತ್ತು. ಉಪವಾಸ ಹೋದರೆ ಉಪಚಾರ ಮರಳಿ ಬರುತ್ತದಲ್ಲ? ಹಬ್ಬ ಮುಗಿಸಿ ನಸೀಮಕ್ಕ ಶಾವಿಗೆಯ ಪಾಯಸ ತುಂಬಿದ ಡಬ್ಬಿ ಹಿಡಿದು ಬಂದರು. ರತ್ನ ಬಾಗಿಲಲ್ಲೇ ನಿಂತು ಒಂದು ಚಮಚ ಬಾಯಿಗೆ ಹಾಕಿಕೊಂಡು, ‘ಚೆನ್ನಾಗಿದೆ, ಸಂಜೆ ತಿಂತೀನಿ. ಒಲೆ ಮೇಲೆ ಹುರುಳಿ ಸಾರಿದೆ, ಮುದ್ದೆ ಮಾಡಿಲ್ಲ, ಬೇಕಂದ್ರೆ ನೀವೇ ತಿರುವ್ಕೊಳ್ಳಿ ನಸೀಮಕ್ಕಾ. ಹೊತ್ತಾಯ್ತು,’ ಎಂದು ಚಪ್ಪಲಿ ಹಾಕಿಕೊಂಡಳು. ನಸೀಮಕ್ಕ ನನ್ನ ಕಡೆ ನೋಡಿದರು. ಇದಕ್ಕಿಂತ ದೊಡ್ಡ ಉಪಚಾರ ನಮ್ಮ ಮನೆಯಲ್ಲಿ ಯಾರಿಗೂ ಆಗಿಲ್ಲ.

ಅಂದು ಮಧ್ಯಾಹ್ನ ಮೋಡ ಕಟ್ಟಿ ನಾಲ್ಕು ಹನಿ ಬಿತ್ತು. ನಾಲ್ಕು ಗಂಟೆಯಾದರೂ ರತ್ನ ಬರಲಿಲ್ಲ. ನಸೀಮಕ್ಕ ಬ್ಯಾಗು ಹಿಡಿದು ಗೇಟಿನವರೆಗೆ ಹೋಗಿ ನೋಡಿ ವಾಪಸು ಬಂದು, ‘ಬೀದಿ ತುದೀಲಿ ನಿಂತಿದಾರೆ ಅಣ್ಣಾ. ಇಬ್ಬರು ಹೆಂಗಸ್ರ ಜೊತೆ ಮಾತಾಡ್ತಿದಾರೆ. ಕರೀಲಾ?’ ಎಂದರು.

ಬೇಡವೆಂದೆ. ಕಿಟಕಿಯಿಂದ ಅವಳ ದನಿ ಕೇಳಿಸುತ್ತಿತ್ತು. ಯಾವುದೋ ಮಗು ಯಾವುದೋ ತಟ್ಟೆಯನ್ನು ತಲೆಯ ಮೇಲೆ ಟೋಪಿ ಮಾಡಿಕೊಂಡ ಕಥೆ ಹೇಳುತ್ತಿದ್ದಳು, ತೆಲುಗಿನಲ್ಲಿ ಶುರು ಮಾಡಿ ಕನ್ನಡಕ್ಕೆ ಹಾರಿ ಮತ್ತೆ ತೆಲುಗಿಗೆ ಬರುತ್ತಿದ್ದಳು. ಹೇಳಿ ಮುಗಿಸಿ ಅವಳೇ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕಳು. ನಸೀಮಕ್ಕ ಬ್ಯಾಗು ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತರು, ಮುಂದಿನ ಬಸ್ಸಿಗೆ ಹೋದರಾಯಿತು ಎಂದು. ಒಳಗೆ ಬರಲು ರತ್ನನಿಗೆ ಅವಸರವಿರಲಿಲ್ಲ. ಅವಳು ಬರಲೆಂಬ ಅವಸರ ನನಗೂ ಇರಲಿಲ್ಲ.